ಆಸ್ತಿ ಯಾರ ಹೆಸರಲ್ಲಿ, ದುಡ್ಡು ಯಾರ ಕೈಯಲ್ಲಿ, ಮಾತು ಯಾರದ್ದು?

ಪ್ರಶ್ನೆ: ಮೇಡಂ, ನಾವು ಆರು ಜನ ಗೆಳೆಯರು ಉಡುಪಿಯಲ್ಲಿ ಭಾನುವಾರ ಸೇರಿ ಟೇಬಲ್‌ಟಾಪ್ ರೋಲ್‌ಪ್ಲೇ ಆಟ ಆಡುತ್ತೇವೆ, ಅಂದರೆ ಮೇಜಿನ ಸುತ್ತ ಕೂತು ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಕಥೆ ಕಟ್ಟುವ ಆಟ. ಕಥೆ ನಡೆಸುವ ಗೇಮ್ ಮಾಸ್ಟರ್ ನಾನು. ಲೋಕ ಕಟ್ಟಿದ್ದೂ ನಾನೇ. ಬಂದರು ಪಟ್ಟಣಗಳು, ಮಂತ್ರವಾದಿಗಳು, ಹಡಗು ನುಂಗುವ ಕಡಲ ಹಾವುಗಳು ಎಲ್ಲ ಉಂಟು. ಇದು ಪುರುಷಪ್ರಧಾನ ಲೋಕ ಅಂತ ಮೊದಲೇ ಬರೆದಿಟ್ಟಿದ್ದೆ. ಈಗ ಚಿಕ್ಕಮ್ಮನ ಮಗಳು ಆಟಕ್ಕೆ ಸೇರಿದ್ದಾಳೆ. ಅವಳ ಪಾತ್ರದ ಹೆಸರು ಸೋಮಕ್ಕ. ಗಂಡ ತೀರಿಕೊಂಡ ಮೇಲೆ ಎರಡು ಹಡಗು ಇಟ್ಟುಕೊಂಡು ಕಾಳುಮೆಣಸಿನ ವ್ಯಾಪಾರ ಮಾಡುವವಳು. ಗೆಳೆಯನೊಬ್ಬ 'ಇಂಥ ಲೋಕದಲ್ಲಿ ಹೆಂಗಸು ಹಡಗಿನ ಯಜಮಾನಿ ಆಗಲಿಕ್ಕೆ ಸಾಧ್ಯವೇ ಇಲ್ಲ, ಆ ಕಾಲದಲ್ಲಿ ಹಾಗೆಲ್ಲ ಇರಲಿಲ್ಲ' ಅಂತ ಹಟ ಹಿಡಿದಿದ್ದಾನೆ. ತಂಗಿ 'ಹಾಗಾದ್ರೆ ನಾನು ಯಾಕೆ ಬರಬೇಕು, ಅಡುಗೆಮನೆಯಲ್ಲಿ ಕೂರುವ ಪಾತ್ರ ಆಡಲಿಕ್ಕಾ?' ಅಂತ ಕೇಳ್ತಾಳೆ. ಲೋಕ ಬದಲಾಯಿಸಲಾ, ಪಾತ್ರ ಬದಲಾಯಿಸಲಾ?

ಉತ್ತರ: ಎರಡನ್ನೂ ಬದಲಾಯಿಸಬೇಡಿ. ನಿಮ್ಮ ತಂಗಿಯ ಪಾತ್ರ ಚೆನ್ನಾಗಿದೆ. ಲೋಕಕ್ಕೂ ಅಡ್ಡಿಯಿಲ್ಲ. ಕೊರತೆ ಇರುವುದು ಒಂದೇ ಕಡೆ. 'ಪುರುಷಪ್ರಧಾನ' ಅಂತ ಬರೆದು ನೀವು ಅಲ್ಲಿಗೇ ನಿಲ್ಲಿಸಿದ್ದೀರಿ. ಆ ಪದ ಗೋಡೆ ಇದೆ ಅಂತ ಮಾತ್ರ ಹೇಳುತ್ತದೆ. ಗೋಡೆ ಎಲ್ಲಿದೆ, ಎಷ್ಟು ಎತ್ತರ, ಬಾಗಿಲು ಯಾವ ಕಡೆ, ಕೀಲಿಕೈ ಯಾರ ಸೊಂಟದಲ್ಲಿ ಅಂತ ಹೇಳುವುದಿಲ್ಲ. ನೀವು ಹೇಳದೆ ಬಿಟ್ಟ ಜಾಗವನ್ನು ನಿಮ್ಮ ಗೆಳೆಯ ತನ್ನ ಅಂದಾಜಿನಿಂದ ತುಂಬುತ್ತಿದ್ದಾನೆ. ಅವನ ಅಂದಾಜು ತಪ್ಪು.

ಮೊದಲು 'ಆ ಕಾಲದಲ್ಲಿ ಹಾಗೆಲ್ಲ ಇರಲಿಲ್ಲ' ಅನ್ನುವ ಮಾತನ್ನು ನೋಡೋಣ. ಇಂಥ ಆಟಗಳ ಲೋಕ ಹೆಚ್ಚಾಗಿ ಯುರೋಪಿನ ಮಧ್ಯಯುಗದ ಅಚ್ಚಿನಲ್ಲಿ ಇರುತ್ತದೆ. ಆ ಮಧ್ಯಯುಗದಲ್ಲೇ, 13ನೇ ಶತಮಾನದ ಪ್ಯಾರಿಸ್‌ನಲ್ಲಿ ರೇಷ್ಮೆ ಕೆಲಸದ ಕೆಲವು ಸಂಘಗಳು ಪೂರ್ತಿ ಹೆಂಗಸರವೇ ಆಗಿದ್ದವು. ಜರ್ಮನಿಯ ಕಲೋನ್ ಪಟ್ಟಣದಲ್ಲಿ ನೂಲು ತೆಗೆಯುವವರಿಗೆ, ರೇಷ್ಮೆ ಕೆಲಸದವರಿಗೆ ಹೆಂಗಸರದ್ದೇ ಸಂಘ ಇತ್ತು. ಲಂಡನ್‌ನಲ್ಲಿ ಮದುವೆಯಾದ ಹೆಂಗಸು ಗಂಡನ ಕಸುಬಿಗೆ ಸಂಬಂಧವಿಲ್ಲದ ಬೇರೆ ವ್ಯಾಪಾರ ತನ್ನ ಹೆಸರಿನಲ್ಲೇ ನಡೆಸಬಹುದಿತ್ತು. ಸಾಲವಾದರೆ ಅವಳೇ ಹೊಣೆ, ದಾವೆ ಬಂದರೆ ಅವಳ ಮೇಲೆಯೇ. ಗಂಡ ಸತ್ತ ಮೇಲೆ ಅವನ ಅಂಗಡಿ, ಅವನ ಕೆಲಸದ ಹುಡುಗರು, ಅವನ ಗಿರಾಕಿಗಳು ಎಲ್ಲವನ್ನೂ ಮುಂದುವರಿಸಿದ ವಿಧವೆಯರು ಊರೂರಿನಲ್ಲಿ ಇದ್ದರು. ಅದೇ ಕಾಲದಲ್ಲಿ ಅದೇ ಊರಿನಲ್ಲಿ ಹೆಂಗಸರಿಗೆ ನಗರಸಭೆಯಲ್ಲಿ ಕುರ್ಚಿ ಇರಲಿಲ್ಲ, ವಿಶ್ವವಿದ್ಯಾಲಯದ ಬಾಗಿಲು ಮುಚ್ಚಿತ್ತು. ಎರಡೂ ನಿಜ. ವ್ಯಾಪಾರ ಮಾಡುವ ವಿಧವೆ ಪುರುಷಪ್ರಧಾನ ಸಮಾಜದಲ್ಲಿ ವಿಚಿತ್ರ ಅಲ್ಲ, ತೀರಾ ಮಾಮೂಲಿ. ಕಡಲ ಹಾವನ್ನು ನಂಬಿದ ಗೆಳೆಯ ಸೋಮಕ್ಕನನ್ನೂ ನಂಬಬಹುದು.

ಈ ಜಗಳ ಹೊಸತೂ ಅಲ್ಲ. ಇದೇ ಥರದ ಆಟವಾದ ಡಂಜನ್ಸ್ ಅಂಡ್ ಡ್ರಾಗನ್ಸ್ ಬಂದದ್ದು 1974ರಲ್ಲಿ. ಅದರ ಅಡ್ವಾನ್ಸ್ಡ್ ಆವೃತ್ತಿಯ ಆಟಗಾರರ ಪುಸ್ತಕ 1978ರಲ್ಲಿ ಬಂತು. ಅದರಲ್ಲಿ ಮನುಷ್ಯ ಹೆಣ್ಣು ಪಾತ್ರದ ದೇಹಬಲಕ್ಕೆ ಒಂದು ಮಿತಿ ಹಾಕಿದ್ದರು. ಗಂಡು ಪಾತ್ರ 18/00ರವರೆಗೆ, ಅಂದರೆ ನೂರಕ್ಕೆ ನೂರರವರೆಗೆ ಹೋಗಬಹುದು, ಹೆಣ್ಣು ಪಾತ್ರ 18/50ಕ್ಕೆ ನಿಲ್ಲಬೇಕು. 1989ರ ಎರಡನೇ ಆವೃತ್ತಿಯಲ್ಲಿ ಆ ಮಿತಿಯನ್ನು ತೆಗೆದರು. ಆ ಕೋಷ್ಟಕದ ದೋಷ ಸಂಖ್ಯೆಯಲ್ಲಿ ಮಾತ್ರ ಇರಲಿಲ್ಲ. ಅಸಮಾನತೆಯನ್ನು ಹೆಣ್ಣಿನ ಮೈಯೊಳಗೆ ಇಟ್ಟರೆ ಆಟಗಾರ್ತಿಗೆ ಮಾಡಲಿಕ್ಕೆ ಏನೂ ಉಳಿಯುವುದಿಲ್ಲ. ಸಂಖ್ಯೆಯ ಜೊತೆ ವಾದ ಮಾಡಲಿಕ್ಕೆ ಆಗುತ್ತದಾ? ಅದೇ ಅಸಮಾನತೆಯನ್ನು ಕಾನೂನಿನಲ್ಲಿ, ಕಟ್ಟುಕಟ್ಟಳೆಯಲ್ಲಿ, ಸುಂಕದ ಕಟ್ಟೆಯ ಗುಮಾಸ್ತನ ಮುಖದಲ್ಲಿ ಇಡಿ. ಆಗ ಅವಳು ಲಂಚ ಕೊಡಬಹುದು, ಸುಳ್ಳು ಹೇಳಬಹುದು, ಸಾಕ್ಷಿ ಕರೆಯಬಹುದು, ಒಪ್ಪಂದ ಮಾಡಿಕೊಳ್ಳಬಹುದು, ಬೆಂಕಿಯನ್ನೂ ಹಚ್ಚಬಹುದು. ಆಟ ಶುರುವಾಗುವುದೇ ಅಲ್ಲಿ.

ಹಾಗಾದರೆ ಆ ಕಟ್ಟುಕಟ್ಟಳೆ ಬರೆಯುವುದು ಹೇಗೆ? ಯುರೋಪಿಗೆ ಹೋಗುವ ಅಗತ್ಯವೇ ಇಲ್ಲ ಮಾರಾಯ್ರೆ. ನೀವು ಕೂತಿರುವ ಊರೇ ಸಾಕು.

ತುಳುನಾಡಿನ ಅಳಿಯಸಂತಾನ ಅಥವಾ ಅಳಿಯಕಟ್ಟಿನ ಬಗ್ಗೆ ನಿಮಗೆ ಗೊತ್ತೇ ಇರುತ್ತದೆ. ಬಂಟರು, ಬಿಲ್ಲವರು, ಮೊಗವೀರರು ಮುಂತಾದವರಲ್ಲಿ ಮನೆತನ ಲೆಕ್ಕ ಹಾಕುವುದು ತಾಯಿಯ ಕಡೆಯಿಂದ. ಗಂಡಸಿನ ವಾರಸುದಾರ ಮಗನಲ್ಲ, ಸೋದರಳಿಯ. ಅದೇ ಊರಿನ ಬ್ರಾಹ್ಮಣರದ್ದು ಮಕ್ಕಳಕಟ್ಟು, ಅಂದರೆ ಅಪ್ಪನಿಂದ ಮಗನಿಗೆ. ಒಂದೇ ಪೇಟೆಯಲ್ಲಿ, ಪಕ್ಕಪಕ್ಕದ ಮನೆಗಳಲ್ಲಿ ಎರಡು ಬೇರೆ ಕಾನೂನು ನೂರಾರು ವರ್ಷ ನಡೆದಿವೆ. 1949ರ ಮದ್ರಾಸ್ ಅಳಿಯಸಂತಾನ ಕಾಯ್ದೆ ಇದನ್ನು ಬರಹಕ್ಕೆ ತಂದು ಪಾಲಿಗೆ ದಾರಿ ಮಾಡಿತು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಬಂದ ಮೇಲೆ ಹಳೆಯ ಕಟ್ಟು ಸಡಿಲವಾಯಿತು.

ಇದನ್ನು ಕೇಳಿದವರು ಕೂಡಲೇ 'ಓ, ತುಳುನಾಡಿನಲ್ಲಿ ಹೆಂಗಸರದ್ದೇ ರಾಜ್ಯಭಾರ' ಅನ್ನುತ್ತಾರೆ. ಹಾಗೆ ಇರಲಿಲ್ಲ. ಗುತ್ತಿನ ಮನೆಯೊಂದನ್ನು, ಅಂದರೆ ಊರಿನ ಹಿರಿತನದ ಜಮೀನ್ದಾರಿ ಮನೆಯೊಂದನ್ನು ಹತ್ತಿರದಿಂದ ನೋಡಿ. ಸಂತಾನ ಹರಿಯುವುದು ಹೆಣ್ಣಿನಿಂದ. ಹೆಣ್ಣು ಹುಟ್ಟದಿದ್ದರೆ ಮನೆತನವೇ ನಿಂತಿತು, ಆದ್ದರಿಂದ ಹೆಣ್ಣುಮಗು ಹುಟ್ಟಿದರೆ ಸಂತೋಷ. ಆದರೆ ಗೇಣಿಯ ಅಕ್ಕಿ ಅಳೆಸಿಕೊಳ್ಳುವವನು, ಕೋರ್ಟು ಕಚೇರಿಗೆ ಹೋಗುವವನು, ಊರ ಪಂಚಾತಿಗೆಯಲ್ಲಿ ಕೂರುವವನು ಸಾಮಾನ್ಯವಾಗಿ ಮಾವ, ಅಂದರೆ ತಾಯಿಯ ಅಣ್ಣ. ಮನೆಯ ಹಿರಿಯಳು ಯಜಮಾನ್ತಿ ಆದದ್ದೂ ಉಂಟು, ಆದರೆ ಕೋಲದ ದಿನ ಚಾವಡಿಯಲ್ಲಿ ದೈವದ ಮುಂದೆ ನಿಂತು ನುಡಿ ಕೇಳುವವನು ಗಂಡಸು. ಹೆಂಗಸರು ಬದಿಯಲ್ಲಿ. ಮನೆ ಅವಳ ಹೆಸರಿನಿಂದ, ಆಡಳಿತ ಅಣ್ಣನ ಕೈಯಲ್ಲಿ.

ಈಗ ಮಲ್ಪೆಯ ದಕ್ಕೆಗೆ ಬನ್ನಿ. ಬೆಳಗಿನ ಜಾವ ಬೋಟು ಬಂದು ಮೀನು ಇಳಿಸುತ್ತಿದ್ದಂತೆ ಏಲಂ ಶುರು. ಬುಟ್ಟಿ ಇಟ್ಟುಕೊಂಡು ಸುತ್ತ ನಿಂತವರಲ್ಲಿ ಮೊಗವೀರ ಹೆಂಗಸರನ್ನು ಗಮನಿಸಿ. ಬಂಗುಡೆಯ ಕಿವಿರು ಎತ್ತಿ ಒಮ್ಮೆ ನೋಡುತ್ತಾರೆ. ಕೂಗುವವನು ದರ ಏರಿಸಿದರೆ ಮುಖ ತಿರುಗಿಸುತ್ತಾರೆ. ಅವನು ಇಳಿದರೆ ತಲೆ ಸ್ವಲ್ಪ ಆಡಿಸುತ್ತಾರೆ, ಅಷ್ಟಕ್ಕೇ ವ್ಯಾಪಾರ ಮುಗಿದಿರುತ್ತದೆ. ದುಡ್ಡು ಸೊಂಟದ ಚೀಲದಿಂದ ಬರುತ್ತದೆ, ಸಂಜೆ ಅದೇ ಚೀಲಕ್ಕೆ ಹೋಗುತ್ತದೆ. ಯಾರಿಗೆ ಸಾಲ ಕೊಡಬೇಕು, ಯಾವ ಹೋಟೆಲಿನವನು ಹಳೆ ಬಾಕಿ ಇಟ್ಟಿದ್ದಾನೆ, ಎಲ್ಲ ತಲೆಯಲ್ಲೇ ಲೆಕ್ಕ. ಜೂನ್, ಜುಲೈಯಲ್ಲಿ ಟ್ರಾಲ್ ಬೋಟುಗಳು ದಡ ಹತ್ತಿದಾಗ ಒಣಮೀನು ಮಾರಿ ಮನೆ ನಡೆಸುವವರೂ ಇವರೇ. ಕಡಲು ಗಂಡಸರದ್ದು, ಪೇಟೆ ಹೆಂಗಸರದ್ದು. ಆದರೆ ಸಂಪ್ರದಾಯದ ಗ್ರಾಮಸಭೆಯಲ್ಲಿ ತೀರ್ಪು ಹೇಳುವ ಗುರಿಕಾರ ಗಂಡಸು. ಇಲ್ಲಿ ದುಡ್ಡು ಹೆಂಗಸಿನ ಕೈಯಲ್ಲಿ, ಮಾತು ಮಾತ್ರ ಬೇರೆಯವರದ್ದು.

ಗುತ್ತಿನ ಮನೆ ಮತ್ತು ದಕ್ಕೆ ಎರಡನ್ನೂ ಪಕ್ಕಪಕ್ಕ ಇಟ್ಟರೆ ನಿಮಗೆ ಬೇಕಾದ ಸೂತ್ರ ಸಿಗುತ್ತದೆ. ಸ್ವಾತಂತ್ರ್ಯ ಅನ್ನುವುದು ಒಂದೇ ಗಂಟು ಅಲ್ಲ. ಆಸ್ತಿ ಯಾರ ಹೆಸರಿನಲ್ಲಿ ಬರುತ್ತದೆ, ದಿನದ ದುಡ್ಡು ಯಾರ ಕೈಯಲ್ಲಿ ಓಡಾಡುತ್ತದೆ, ನಾಲ್ಕು ಜನ ಸೇರಿದಲ್ಲಿ ಯಾರ ಮಾತು ನಡೆಯುತ್ತದೆ, ಈ ಮೂರೂ ಬೇರೆಬೇರೆ. ನಿಮ್ಮ ಲೋಕದ ಪ್ರತಿ ಪಟ್ಟಣಕ್ಕೂ ಈ ಮೂರು ಪ್ರಶ್ನೆಗಳಿಗೆ ಬೇರೆಬೇರೆ ಉತ್ತರ ಬರೆಯಿರಿ. ಮೂರೂ ಗಂಡಸರ ಕೈಯಲ್ಲೇ ಇರುವ ಪಟ್ಟಣವೂ ಇರಲಿ, ಆದರೆ ಎಲ್ಲ ಪಟ್ಟಣವೂ ಅದೇ ಆಗದಿರಲಿ. ನಾಲ್ಕನೆಯದನ್ನೂ ಸೇರಿಸಬಹುದು: ಕತ್ತಲಾದ ಮೇಲೆ ಒಬ್ಬಳೇ ಎಲ್ಲಿಯವರೆಗೆ ನಡೆದು ಹೋಗಬಹುದು? ಇದರ ಉತ್ತರ ಬರೆದರೆ ನಿಮ್ಮ ಭೂಪಟವೇ ಹೆಣ್ಣು ಪಾತ್ರಕ್ಕೆ ಬೇರೆ ಥರ ಕಾಣುತ್ತದೆ.

ಸೋಮಕ್ಕನ ಮೇಲೆ ಇದನ್ನು ಪ್ರಯೋಗ ಮಾಡಿ ನೋಡೋಣ. ಅವಳ ಊರು ಅಳಿಯಕಟ್ಟಿನದ್ದು ಅಂತ ಇಟ್ಟುಕೊಳ್ಳಿ. ಹೆಣ್ಣಿಗೆ ಅನುಕೂಲ ಅಂತ ಅನಿಸುತ್ತದೆ, ಅಲ್ವಾ? ಆದರೆ ಹಳೆಯ ಕಟ್ಟಿನಲ್ಲಿ ಹೆಂಡತಿ ಗಂಡನ ಕುಟುಂಬದವಳೇ ಅಲ್ಲ, ಅವಳು ತನ್ನ ತಾಯಿ ಮನೆಯವಳು. ಗಂಡ ಸತ್ತರೆ ಅವನ ಹಡಗು ಹೋಗುವುದು ಅವನ ಅಕ್ಕತಂಗಿಯರ ಮಕ್ಕಳಿಗೆ. ಸೋಮಕ್ಕನಿಗೆ ಅದರಲ್ಲಿ ಒಂದು ಹಗ್ಗವೂ ಸಿಗುವುದಿಲ್ಲ. ಅವಳ ಹಡಗು ಉಳಿಯಬೇಕಾದರೆ ಅದು ತಾಯಿ ಮನೆಯಿಂದ ಬಂದದ್ದಾಗಿರಬೇಕು, ಇಲ್ಲವೇ ಅವಳೇ ದುಡಿದು ಮಾಡಿದ್ದಾಗಿರಬೇಕು. ಆದರೆ ಅವಳು ಬೀದಿಗೆ ಬೀಳುವುದಿಲ್ಲ. ತಾಯಿ ಮನೆಯಲ್ಲಿ ಅವಳಿಗೆ ಹಕ್ಕಿನ ಜಾಗ ಇದೆ, ಯಾರ ದಯೆಯೂ ಬೇಕಾಗಿಲ್ಲ. ಮಕ್ಕಳ ಭವಿಷ್ಯವೂ ಅಲ್ಲೇ.

ಅದೇ ಮಕ್ಕಳಕಟ್ಟಿನ ಊರಾದರೆ ಕಥೆ ತಿರುಗುತ್ತದೆ. ಹಡಗು ಮಗನಿಗೆ ಸೇರಬೇಕು. ಮಗನಿಗೆ ಎಂಟು ವರ್ಷ. ಅವನು ದೊಡ್ಡವನಾಗುವ ತನಕ ಸೋಮಕ್ಕನೇ ನೋಡಿಕೊಳ್ಳುವವಳು. ಸಹಿ ಅವಳದ್ದು, ಮುದ್ರೆ ಅವಳದ್ದು. ಇಡೀ ಬಂದರು ಅವಳನ್ನು 'ಒಡತಿ' ಅಂತಲೇ ಕರೆಯುತ್ತದೆ. ಆದರೆ ಪ್ರತಿ ವರ್ಷ ಮಗನಿಗೆ ಒಂದು ವರ್ಷ ಜಾಸ್ತಿ ಆಗುತ್ತದೆ, ಅವಳ ಅಧಿಕಾರ ಒಂದು ವರ್ಷ ಕಡಿಮೆ ಆಗುತ್ತದೆ. ಮಗ ಸತ್ತರೆ ಮೈದುನ ಬಾಗಿಲಲ್ಲಿ ನಿಂತಿರುತ್ತಾನೆ. ಮರುಮದುವೆ ಆದರೂ ಎಲ್ಲ ಹೋಯಿತು. ನೋಡಿ, ಒಂದೇ ಪಾತ್ರ, ಒಂದೇ ಹಡಗು. ಕಟ್ಟು ಬದಲಾದ ಕೂಡಲೇ ಅವಳ ಭಯವೂ ಬದಲಾಗುತ್ತದೆ, ಬಲವೂ ಬದಲಾಗುತ್ತದೆ. 'ಹೆಂಗಸು ಹಡಗಿನ ಯಜಮಾನಿ ಆಗಬಹುದಾ ಇಲ್ಲವಾ' ಅನ್ನುವ ಪ್ರಶ್ನೆಗಿಂತ 'ಯಾವ ಷರತ್ತಿನ ಮೇಲೆ, ಎಷ್ಟು ದಿನ, ಯಾರನ್ನು ಸಂಭಾಳಿಸಿಕೊಂಡು' ಅನ್ನುವ ಪ್ರಶ್ನೆಯಲ್ಲಿ ಸಾವಿರ ಪಾಲು ಕಥೆ ಇದೆ.

ಕಂಪ್ಯೂಟರ್ ಆಟಗಳಲ್ಲೂ ಇಂಥ ಪ್ರಯತ್ನಗಳು ಆಗಿವೆ. 2020ರ ಕ್ರುಸೇಡರ್ ಕಿಂಗ್ಸ್ 3ರಲ್ಲಿ ಗಂಡಿಗೆ ಮಾತ್ರ, ಗಂಡಿಗೆ ಮೊದಲು, ಇಬ್ಬರಿಗೂ ಸಮ, ಹೆಣ್ಣಿಗೆ ಮೊದಲು, ಹೆಣ್ಣಿಗೆ ಮಾತ್ರ ಅಂತ ಉತ್ತರಾಧಿಕಾರದ ಕಾನೂನುಗಳನ್ನೇ ಬೇರೆಬೇರೆ ಇಟ್ಟಿದ್ದಾರೆ. ತಾಯಿಯ ವಂಶಕ್ಕೆ ಮಕ್ಕಳು ಸೇರುವ ಮದುವೆಯೂ ಇದೆ. ಅದನ್ನು ನಮ್ಮ ಅಳಿಯಸಂತಾನ ಅಂದುಕೊಳ್ಳಬೇಡಿ. ಅಲ್ಲಿ ರಾಣಿಯ ಪಟ್ಟ ರಾಣಿಯ ಮಕ್ಕಳಿಗೆ ಹೋಗುತ್ತದೆ. ಮಾವನಿಂದ ಅಳಿಯನಿಗೆ ಹೋಗುವ ದಾರಿ ಬೇರೆ, ಅದರ ಕುಟುಂಬ ರಾಜಕೀಯವೂ ಬೇರೆ. ನಿಮ್ಮ ಆಟದಲ್ಲಿ ಆ ದಾರಿ ತಂದರೆ ಅದು ನಿಮ್ಮದೇ ಆಗುತ್ತದೆ.

2009ರ ಡ್ರಾಗನ್ ಏಜ್: ಒರಿಜಿನ್ಸ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. ಅದರಲ್ಲಿ ಪಟ್ಟಣದ ಎಲ್ಫ್ ಕುಲದವರಾಗಿ ಆಟ ಶುರು ಮಾಡಿದರೆ ಮೊದಲ ದೃಶ್ಯವೇ ಮದುವೆ. ಊರಿನ ಪಾಳೆಯಗಾರನ ಮಗ ಬಂದು ಮದುಮಗಳನ್ನೂ ಜೊತೆಗಿದ್ದ ಹುಡುಗಿಯರನ್ನೂ ಹೊತ್ತುಕೊಂಡು ಹೋಗುತ್ತಾನೆ. ನೀವು ಗಂಡು ಪಾತ್ರವಾದರೆ ಹೊರಗಿನಿಂದ ಬಿಡಿಸಲಿಕ್ಕೆ ಹೋಗುತ್ತೀರಿ. ಹೆಣ್ಣು ಪಾತ್ರವಾದರೆ ಆ ಮದುಮಗಳು ನೀವೇ, ಒಳಗೆ ಸಿಕ್ಕಿಬಿದ್ದಿರುತ್ತೀರಿ. ಕತ್ತಿ ಕೈಗೆ ಬಂದ ಮೇಲೆ ಒಳಗಿನಿಂದಲೇ ಹೋರಾಡಿಕೊಂಡು ಹೊರಟುಬರಬೇಕು. ಘಟನೆ ಒಂದೇ, ನಿಂತ ಜಾಗ ಬೇರೆ. ಅದೇ ಲೋಕದಲ್ಲಿ ಮುಖ್ಯ ಧರ್ಮಪೀಠದ ಅರ್ಚಕರೆಲ್ಲ ಹೆಂಗಸರು, ಪೀಠದ ಮುಖ್ಯಸ್ಥೆಯೂ ಹೆಂಗಸು. ಅಷ್ಟಿದ್ದರೂ ಬಡ ಕೇರಿಯ ಹುಡುಗಿಗೆ ತನ್ನ ಮದುವೆಯ ದಿನ ರಕ್ಷಣೆ ಇಲ್ಲ. ಈ ವಿರೋಧ ನನಗೆ ತುಂಬಾ ಸರಿ ಅನಿಸುತ್ತದೆ, ಯಾಕೆಂದರೆ ನಿಜವಾದ ಸಮಾಜಗಳೂ ಹೀಗೇ ಇರುತ್ತವೆ.

ನಮ್ಮಲ್ಲೂ ನೋಡಿ. ರಕ್ತೇಶ್ವರಿ, ಕಲ್ಲುರ್ಟಿ ಇವರು ಹೆಣ್ಣು ದೈವಗಳು. ಕಾರ್ಕಳದ ಗೊಮ್ಮಟನನ್ನು ಕಡೆದ ಕಲ್ಕುಡನ ಕೈಕಾಲನ್ನು ಅರಸ ಕಡಿಸಿದಾಗ ಸೇಡು ತೀರಿಸಲು ನಿಂತವಳು ತಂಗಿ ಕಲ್ಲುರ್ಟಿ ಅಂತ ತುಳುವಿನ ಕಥನಹಾಡಾದ ಪಾಡ್ದನ ಹೇಳುತ್ತದೆ. ಆದರೆ ಆ ದೈವಗಳಿಗೆ ಬಣ್ಣ ಹಚ್ಚಿ ಕಟ್ಟುವವರು ಗಂಡಸರು. ಹೆಂಗಸರದ್ದು ತೆಂಬರೆ ಅನ್ನುವ ಸಣ್ಣ ಚರ್ಮವಾದ್ಯ ಬಾರಿಸುತ್ತ ಪಾಡ್ದನ ಹೇಳುವ ಕೆಲಸ. ಇದನ್ನು ಸಣ್ಣ ಕೆಲಸ ಅಂತ ತಿಳಿಯಬೇಡಿ. ದೈವ ಎಲ್ಲಿ ಹುಟ್ಟಿತು, ಯಾರಿಂದ ಅನ್ಯಾಯವಾಯಿತು ಅನ್ನುವ ಕಥೆ ಉಳಿದದ್ದು ಆ ಹೆಂಗಸರ ಬಾಯಲ್ಲಿ ಮತ್ತು ನಾಟಿ ಗದ್ದೆಯಲ್ಲಿ ಬಗ್ಗಿ ನೇಜಿ ನೆಡುವವರ ಬಾಯಲ್ಲಿ. ನಿಮ್ಮ ಲೋಕದಲ್ಲಿ ಉಗ್ರ ದೇವಿಯೊಬ್ಬಳನ್ನು ಇಟ್ಟ ಕೂಡಲೇ ಹೆಂಗಸರ ಸ್ಥಾನ ಮೇಲಾಯಿತು ಅಂತ ಲೆಕ್ಕ ಹಾಕಬೇಡಿ. ಆದರೆ ಇತಿಹಾಸವನ್ನು ಬಾಯಿಪಾಠ ಇಟ್ಟುಕೊಂಡ ಹಾಡುಗಾರ್ತಿಯರ ಗುಂಪೊಂದನ್ನು ಇಡಿ. ಅರಸ ಸುಟ್ಟುಹಾಕಿದ ಕಡತದ ವಿಷಯ ಅವರ ಹಾಡಿನಲ್ಲಿ ಇರಲಿ. ಅವರನ್ನು ಒಲಿಸಿಕೊಳ್ಳಲು ಯಾವ ಕತ್ತಿಯೂ ಉಪಯೋಗಕ್ಕೆ ಬರದಿರಲಿ.

ರಾಣಿಯರ ಬಗ್ಗೆಯೂ ಇದೇ ಎಚ್ಚರ ಬೇಕು. ಉಳ್ಳಾಲದ ಚೌಟ ಮನೆತನದ ಅಬ್ಬಕ್ಕ ಪೋರ್ಚುಗೀಸರ ವಿರುದ್ಧ ನಿಂತಳು. ಮದುವೆ ಆದದ್ದು ಮಂಗಳೂರಿನ ಬಂಗರಾಜನನ್ನು. ಆದರೆ ಅವಳು ಗಂಡನ ಮನೆಯ ಸೊಸೆ ಆಗಿ ಹೋಗಲಿಲ್ಲ, ಉಳ್ಳಾಲದಲ್ಲೇ ಉಳಿದು ಆಳಿದಳು ಅಂತ ಇಲ್ಲಿಯ ಜನ ಇವತ್ತಿಗೂ ಹೇಳುತ್ತಾರೆ. ಅವಳಿಗೆ ಧೈರ್ಯ ಇತ್ತು, ನಿಜ. ಜೊತೆಗೆ ಪಟ್ಟ ತಾಯಿಯ ಕಡೆಯಿಂದ ಬರುವ ಕಟ್ಟೂ ಇತ್ತು. ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಕಾಳುಮೆಣಸಿನ ರಾಣಿ ಅಂತಲೇ ಕರೆದರು. ಕೆಳದಿಯ ಚೆನ್ನಮ್ಮಾಜಿ ಗಂಡನನ್ನು ಕಳೆದುಕೊಂಡು, ಮಗನನ್ನು ದತ್ತು ತೆಗೆದುಕೊಂಡು 17ನೇ ಶತಮಾನದ ಕೊನೆಯಲ್ಲಿ ಸುಮಾರು 25 ವರ್ಷ ಆಳಿದಳು. ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟದ್ದು ಅವಳೇ. ಅಬ್ಬಕ್ಕನಿಗೆ ವಂಶದ ದಾರಿ, ಚೆನ್ನಮ್ಮಾಜಿಗೆ ದತ್ತಕದ ದಾರಿ. ನಿಮ್ಮ ಲೋಕದ ಪ್ರತಿ ರಾಣಿಗೂ ಅವಳು ಬಂದ ದಾರಿ ಯಾವುದು ಅಂತ ಬರೆಯಿರಿ. ಸುಮ್ನೆ 'ಬಹಳ ಪರಾಕ್ರಮಿ' ಅಂದರೆ ಸಾಲದು.

1623ರಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆ ಮಂಗಳೂರಿಗೆ ಬಂದಿದ್ದ. ಉಳ್ಳಾಲದ ರಾಣಿಯನ್ನು ನೋಡಲು ಒಳನಾಡಿನ ಮಣೇಲಿಗೆ ಹೋದ. ಅವನ ಎದುರಿಗೆ ಬಂದ ರಾಣಿ ಬರಿಗಾಲಲ್ಲಿ ನಡೆದು ಬರುತ್ತಿದ್ದಳು. ಹತ್ತಿಬಟ್ಟೆ ಉಟ್ಟಿದ್ದಳು, ನೆರಳಿಗೆ ತಾಳೆಗರಿಯ ಕೊಡೆ ಹಿಡಿದಿದ್ದರು. ಹೊರಟಿದ್ದು ಕಾಲುವೆ ಅಗೆಯುವ ಕೆಲಸ ನೋಡಲಿಕ್ಕೆ. ನೋಡಲಿಕ್ಕೆ ಅಡುಗೆಯವಳ ಹಾಗೆ, ಮಾತಿನಲ್ಲಿ ಮಾತ್ರ ರಾಣಿ ಅಂತ ಅವನು ಬರೆದಿಟ್ಟ. ನನಗೆ ಆ ಬರಹದಲ್ಲಿ ಹಿಡಿಸುವುದು ಆ ಕಾಲುವೆ. ಆಟಗಳಲ್ಲಿ ರಾಣಿ ಅಂದರೆ ಸಿಂಹಾಸನ, ಇಲ್ಲವೇ ಯುದ್ಧ. ನೀರಿನ ಕೆಲಸ ಖುದ್ದಾಗಿ ನೋಡುವ ರಾಣಿಯನ್ನು ಒಮ್ಮೆ ತನ್ನಿ. ಅವಳ ಹತ್ತಿರ ಸೋಮಕ್ಕ ಏನು ಕೇಳಬಹುದು, ಏನು ಕೇಳಲಿಕ್ಕೆ ಆಗುವುದಿಲ್ಲ ಅನ್ನುವುದರಲ್ಲೇ ಒಂದು ಭಾನುವಾರ ಕಳೆಯುತ್ತದೆ.

ಇನ್ನು, ಕಟ್ಟು ಮುರಿದು ಹೊರಗೆ ನಡೆಯುವವಳ ಕಥೆ. ಇದಕ್ಕೆ ಸಿರಿಗಿಂತ ದೊಡ್ಡ ಗುರು ಇಲ್ಲ. ಸಿರಿ ಪಾಡ್ದನದಲ್ಲಿ ಸತ್ಯನಾಪುರದ ಸಿರಿಗೆ ಬಸರೂರಿನ ಕಾಂತು ಪೂಂಜನ ಜೊತೆ ಮದುವೆ. ಬಯಕೆಗೆ, ಅಂದರೆ ಸೀಮಂತಕ್ಕೆ ತಂದ ಸೀರೆ ದಾರಿಯಲ್ಲಿ ಅವನ ಸೂಳೆಯ ಮೈ ಮುಟ್ಟಿ ಬಂದದ್ದು ಅಂತ ಸಿರಿಗೆ ಗೊತ್ತಾಗುತ್ತದೆ. ತುಂಬಿದ ಬಸುರಿ ಸಭೆಯ ನಡುವೆ ಆ ಸೀರೆ ಬೇಡ ಅನ್ನುತ್ತಾಳೆ. ಮುಂದೆ ಅರಮನೆಯ ಹಕ್ಕಿನ ವಿಷಯ ಬಂದಾಗ ಊರ ಸಭೆ ಅನ್ಯಾಯ ಮಾಡುತ್ತದೆ. ಅವಳು ಗಂಡನ ಸಂಬಂಧ ಕಡಿದುಕೊಂಡು, ಕೂಸನ್ನು ಎತ್ತಿಕೊಂಡು ಹೊರಟುಹೋಗುತ್ತಾಳೆ. ಕಾಡುದಾರಿ, ಹೊಳೆ, ಗೊತ್ತಿಲ್ಲದ ಊರು. ಆಮೇಲೆ ಇನ್ನೊಂದು ಮದುವೆಯೂ ಆಗುತ್ತದೆ. ಅಲ್ಲಿ ಮೊದಲ ಹೆಂಡತಿ ಸಾಮು ಇದ್ದಾಳೆ. ಮೊದಲು ಮುನಿಸು, ಆಮೇಲೆ ಇಬ್ಬರೂ ಅಕ್ಕತಂಗಿಯರ ಹಾಗೆ ಆಗುತ್ತಾರೆ.

ಇದರಲ್ಲಿ ಗೇಮ್ ಮಾಸ್ಟರ್‌ಗೆ ಕಲಿಯಲಿಕ್ಕೆ ಬಹಳ ಉಂಟು. ಸಿರಿ ಕತ್ತಿ ಹಿಡಿಯುವುದಿಲ್ಲ. ಅವಳ ಬಲ ಇರುವುದು ಬೇಡ ಅನ್ನುವುದರಲ್ಲಿ ಮತ್ತು ಅವಳ ಮಾತಿನ ಸತ್ಯದಲ್ಲಿ. ಪ್ರತಿ 'ಬೇಡ'ಕ್ಕೂ ಬೆಲೆ ಕಟ್ಟುತ್ತಾಳೆ. ಗಂಡನನ್ನು ಬಿಡುತ್ತಾಳೆ, ಮನೆ ಬಿಡುತ್ತಾಳೆ, ಊರು ಬಿಡುತ್ತಾಳೆ. ಅವಳನ್ನು ತಡೆಯುವವರಲ್ಲಿ ಹೆಂಗಸರೂ ಇದ್ದಾರೆ, ಕೈ ಹಿಡಿಯುವವರಲ್ಲೂ ಇದ್ದಾರೆ. ಪುರುಷಪ್ರಧಾನ ಲೋಕ ಅಂದಕೂಡಲೇ ಗಂಡಸರೆಲ್ಲ ಖಳರು, ಹೆಂಗಸರೆಲ್ಲ ಒಂದಾಗಿ ನೊಂದವರು ಅಂತ ಮಾಡಿದರೆ ಕಥೆ ಸಾಯುತ್ತದೆ. ಸೊಸೆಯನ್ನು ಹೊರಗೆ ಬಿಡದ ಅತ್ತೆ ಇರಲಿ. ಅವಳು ಯಾಕೆ ಹಾಗೆ ಮಾಡುತ್ತಾಳೆ ಅನ್ನುವುದಕ್ಕೂ ಕಾರಣ ಇರಲಿ: ಸೊಸೆ ಹೊರಟರೆ ಅವಳ ಹಿಡಿತಕ್ಕೆ ಉಳಿಯುವುದು ಏನು?

ಅದೇ ಪಾಡ್ದನದ ಕೊನೆಯ ತಲೆಮಾರಿನಲ್ಲಿ ಅಬ್ಬಗ, ದಾರಗ ಅನ್ನುವ ಅವಳಿ ಹೆಣ್ಣುಮಕ್ಕಳು ಬರುತ್ತಾರೆ. ಆಡಬೇಡಿ ಅಂದಿದ್ದ ಚೆನ್ನೆಮಣೆಯನ್ನು, ಅಂದರೆ ಅಳಗುಳಿಮಣೆಯನ್ನು ಹಿರಿಯರಿಲ್ಲದ ಹೊತ್ತಿನಲ್ಲಿ ತೆಗೆದು ಆಡುತ್ತಾರೆ. ಜಗಳ ಬಂದು ಒಬ್ಬಳು ಮಣೆಯಿಂದಲೇ ಇನ್ನೊಬ್ಬಳಿಗೆ ಹೊಡೆಯುತ್ತಾಳೆ. ಅವಳು ಸಾಯುತ್ತಾಳೆ. ಹೊಡೆದವಳು ಬಾವಿಗೆ ಹಾರುತ್ತಾಳೆ. ಅಕ್ಕತಂಗಿ ಜೊತೆಗೆ ಕೂತು ಚೆನ್ನೆ ಆಡಬಾರದು ಅನ್ನುವ ನಂಬಿಕೆ ಇನ್ನೂ ಇದೆ. ಹೆಣ್ಣುಮಕ್ಕಳಿಗೆ ಆಟ ಎಷ್ಟು ಗಂಭೀರದ್ದಾಗಿತ್ತು, ಗೆಲ್ಲುವ ಹಟಕ್ಕೆ ಮನೆಯೊಳಗೆ ಎಷ್ಟು ಇಕ್ಕಟ್ಟಿನ ಜಾಗ ಇತ್ತು ಅಂತ ಈ ಕಥೆ ಕೇಳಿದಾಗಲೆಲ್ಲ ನಾನು ಯೋಚಿಸುತ್ತೇನೆ.

ಇನ್ನು ಮೇಜಿನ ಸುತ್ತ ಕೂತವರ ವಿಷಯ. ಇದು ಲೋಕಕ್ಕಿಂತ ಮುಖ್ಯ. ನಿಮ್ಮ ತಂಗಿ ದಿನವಿಡೀ ಈ ಊರಿನ ಬಸ್ಸಿನಲ್ಲಿ, ಕಾಲೇಜಿನಲ್ಲಿ, ನೆಂಟರ ಮನೆಯಲ್ಲಿ ಹೆಣ್ಣಾಗಿಯೇ ಓಡಾಡಿ ಬರುತ್ತಾಳೆ. ಭಾನುವಾರ ಮತ್ತೆ ಅದೇ ಮಾತು ಕೇಳಲಿಕ್ಕೆ ಅವಳು ಬರಬೇಕಾಗಿಲ್ಲ. ಅಸಮಾನತೆ ಆಟದಲ್ಲಿ ಎಷ್ಟಿರಬೇಕು ಅಂತ ಅವಳನ್ನೇ ಕೇಳಿ, ಒಬ್ಬಳನ್ನೇ ಪಕ್ಕಕ್ಕೆ ಕರೆದು ಕೇಳಿ. ಸುಂಕದವನ ಜೊತೆ ಜಗಳ ಅವಳಿಗೆ ಖುಷಿ ಕೊಡಬಹುದು, ಮದುವೆಗೆ ಒತ್ತಾಯ ಮಾಡುವ ದೃಶ್ಯ ಬೇಡ ಅನಿಸಬಹುದು. ಅವಳು ಬೇಡ ಅಂದದ್ದು ಬೇಡ, ಕಾರಣ ಕೇಳಬೇಡಿ. ಲೈಂಗಿಕ ಹಿಂಸೆಯನ್ನು ನಿಮ್ಮ ಆಟಕ್ಕೆ ತರಲೇಬೇಡಿ ಅನ್ನುವುದು ನನ್ನ ಖಚಿತ ಅಭಿಪ್ರಾಯ. ಲೋಕ ಕ್ರೂರವಾಗಿದೆ ಅಂತ ತೋರಿಸಲಿಕ್ಕೆ ಅದು ಬೇಕಾಗಿಲ್ಲ. ಸಾಲಪತ್ರದಲ್ಲಿ ಅವಳ ಹೆಸರು ಬರೆಯಲು ಒಪ್ಪದ ಗುಮಾಸ್ತ ಸಾಕು.

ಹಟ ಹಿಡಿದ ಗೆಳೆಯನನ್ನು ಬೈಯಬೇಡಿ. ಅವನ ಮುಂದಿನ ಪಾತ್ರ ಹೆಣ್ಣಾಗಿರಲಿ ಅಂತ ಕೇಳಿ ನೋಡಿ. ಯಕ್ಷಗಾನದ ನಾಡಿನವರು ನಾವು. ಇಲ್ಲಿ ಗಂಡಸರು ದ್ರೌಪದಿಯನ್ನೋ ದಮಯಂತಿಯನ್ನೋ ಆಡುವಾಗ ಅದನ್ನು ನಗೆಗೆ ಅಂತ ಆಡುವುದಿಲ್ಲ. ನಡಿಗೆ ಕಲಿಯುತ್ತಾರೆ, ದುಃಖ ಕಲಿಯುತ್ತಾರೆ, ಎದುರಿಗೆ ರಾಜವೇಷ ನಿಂತಾಗ ಯಾವ ಮಾತಿಗೆ ಹೇಗೆ ಉತ್ತರ ಕೊಡಬೇಕು ಅಂತ ರಾತ್ರಿಯಿಡೀ ಅರ್ಥ ಹೇಳುತ್ತಾರೆ. ಸ್ತ್ರೀವೇಷದ ಕಲಾವಿದರ ಮೇಲೆ ಜನರಿಗೆ ಇರುವ ಗೌರವ ಅದಕ್ಕೇ. ನಿಮ್ಮ ಗೆಳೆಯನೂ ನಾಲ್ಕು ಆಟ ಅಷ್ಟು ಶ್ರದ್ಧೆಯಿಂದ ಆಡಿದರೆ ಅವನ ವಾದದ ದಿಕ್ಕೇ ಬದಲಾಗಬಹುದು.

ಬರುವ ಭಾನುವಾರಕ್ಕೆ ಹೀಗೆ ಶುರು ಮಾಡಿ. ಸೋಮಕ್ಕನ ಊರು ಅಳಿಯಕಟ್ಟಿನದ್ದು, ಅವಳು ವ್ಯಾಪಾರ ಮಾಡುವ ಬಂದರು ಮಕ್ಕಳಕಟ್ಟಿನದ್ದು. ಒಂದು ಹಡಗು ತಾಯಿ ಮನೆಯದ್ದು, ಇನ್ನೊಂದು ಗಂಡನದ್ದು. ಮಳೆಗಾಲ ಮುಗಿದು ಹಡಗು ಇಳಿಸುವ ಹೊತ್ತಿಗೆ ಗಂಡನ ಸೋದರಳಿಯ ಬಂದು ತನ್ನ ಹಡಗು ಕೇಳುತ್ತಾನೆ. ಅವನ ಊರಿನ ಕಟ್ಟಿನ ಪ್ರಕಾರ ಅದು ನ್ಯಾಯ. ಬಂದರಿನ ಕಟ್ಟಿನ ಪ್ರಕಾರ ಹಡಗು ಸೋಮಕ್ಕನ ಮಗನದ್ದು. ಗೋದಾಮಿನಲ್ಲಿ ಮೆಣಸು ತುಂಬಿದೆ, ಕೊಳ್ಳುವ ಪರದೇಶಿ ವ್ಯಾಪಾರಿ ಹೆಚ್ಚು ದಿನ ಕಾಯುವುದಿಲ್ಲ. ಸೋದರಳಿಯನನ್ನು ಕೆಟ್ಟವನನ್ನಾಗಿ ಮಾಡಬೇಡಿ. ಅವನಿಗೂ ಮನೆಯಲ್ಲಿ ತಾಯಿ ಇದ್ದಾಳೆ, ಅವಳು ಸೋಮಕ್ಕನ ನಾದಿನಿ, ಅವಳಿಗೂ ಒಂದು ಲೆಕ್ಕ ಇದೆ. ಬಂದರಿನ ಸಭೆಯಲ್ಲಿ ಸೋಮಕ್ಕ ನೇರವಾಗಿ ಮಾತಾಡುವ ಹಾಗಿಲ್ಲ, ಅವಳ ಪರವಾಗಿ ಗಂಡಸೊಬ್ಬ ನಿಂತು ಮಾತಾಡಬೇಕು. ಆ ಗಂಡಸಿನ ಪಾತ್ರವನ್ನು ನಿಮ್ಮ ಹಟದ ಗೆಳೆಯನಿಗೇ ಕೊಡಿ. ಏನು ಹೇಳಬೇಕು ಅಂತ ತೀರ್ಮಾನ ಮಾಡುವವಳು ಮಾತ್ರ ಸೋಮಕ್ಕ.